ಪೆಟ್ಟಿಗೆಗೆ ಮಲಗಿಸುವ ಮೊದಲು

ಶಿವೈಕ್ಯ ಸರ್ವೀಸಸ್‌ಗೆ ಜಾಲತಾಣ ಬರೆದುಕೊಡಬೇಕು ಎಂದು ಮಧು ಹೇಳಿದಾಗ ನಾನು ಎಂದಿನಂತೆ ಕೇಳಿದೆ, ಗಿರಾಕಿ ಯಾರು ಎಂದು.

"ಗಿರಾಕಿ ಸತ್ತೋಗಿರ್ತಾರೆ ಅಕ್ಕ" ಎಂದು ನಕ್ಕ. ಆಮೇಲೆ ನಾನು ಯಾರೆಂಬುದು ನೆನಪಾಗಿ, ಬಗ್ಗಿ ಕೀಬೋರ್ಡಿನ ಧೂಳು ಊದತೊಡಗಿದ.

ಮಧುವಿನ ಅಂಗಡಿ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ ಇದೆ. ಜೆರಾಕ್ಸ್, ಪಹಣಿ, ಲಗ್ನಪತ್ರಿಕೆ, ಜಾಲತಾಣ ಎಂದು ಬೋರ್ಡಿನಲ್ಲಿ ಅದೇ ಕ್ರಮದಲ್ಲಿ ಬರೆಸಿದ್ದಾನೆ. ಜಾಲತಾಣಕ್ಕೆ ಅವನ ಬಳಿ ಒಂದೇ ಅಚ್ಚು. ಡ್ರೈವಿಂಗ್ ಸ್ಕೂಲಿಗೂ ಅದೇ, ರೇಷ್ಮೆ ಸೀರೆ ಪಾಲಿಶ್ ಮಾಡುವವರಿಗೂ ಅದೇ. ಒಳಗಿನ ಮಾತು ನನ್ನದು. ನಾನು ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವಳು. ಹಳಗನ್ನಡ ಓದಿದ ಕೈಯಲ್ಲಿ ಈಗ 'ನುರಿತ ತರಬೇತುದಾರರು' ಎಂದು ಬರೆಯುತ್ತೇನೆ. ಕೆಲಸ ಕೆಟ್ಟದ್ದಲ್ಲ. ಬರೆಯುವಾಗ ಬೇರೇನೂ ನೆನಪಾಗುವುದಿಲ್ಲ.

ಈ ಕೆಲಸದಲ್ಲಿ ಮಾತ್ರ ನೆನಪಾಗುವುದಿತ್ತು. ಶಿವೈಕ್ಯ ಸರ್ವೀಸಸ್ ಎಂದರೆ ರುದ್ರಸ್ವಾಮಿಯವರು. ಮೊದಲು ಬರೀ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುತ್ತಿದ್ದರು. ಮದುವೆಗೆ ಮುಹೂರ್ತ ಬೇಕು, ಸಾವಿಗೆ ಬೇಡ ಎಂದು ಲೆಕ್ಕ ಹಾಕಿ ಶವ ಇಡುವ ಫ್ರೀಜರ್ ಪೆಟ್ಟಿಗೆ ತರಿಸಿದರು, ಗಾಜಿನ ಗಾಡಿ ಮಾಡಿಸಿದರು. ಹೋದ ಕಾರ್ತಿಕದಲ್ಲಿ ಆ ಪೆಟ್ಟಿಗೆ ನಮ್ಮ ನಡುಮನೆಯಲ್ಲಿತ್ತು. ಒಳಗೆ ನನ್ನ ಗಂಡ ಪ್ರಭುಸ್ವಾಮಿ ಇದ್ದರು.

ಬೇರೆ ಕಡೆಯವರಿಗೆ ಒಂದು ಮಾತು ಹೇಳಬೇಕು. ನಾವು ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ. ಮೈ ಬೆಚ್ಚಗಿರುವಾಗಲೇ ಕಾಲು ಮಡಿಸಿ, ಗೋಡೆಗೆ ಒರಗಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು ಕೂರಿಸುತ್ತೇವೆ. ಬಿದಿರಿನಲ್ಲಿ ಕಟ್ಟಿ ಹೂ ಸುತ್ತಿದ ವಿಮಾನದಲ್ಲಿ ಅವರು ಕೂತೇ ಹೋಗುತ್ತಾರೆ. ಗುಣಿಯ ಒಳಗೂ ಕೂತೇ ಇರುತ್ತಾರೆ.

ಪ್ರಭು ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಕೆಲಸದಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಕುರ್ಚಿಯಲ್ಲಿ ಕೂತರು, ಕಾಫಿ ತರುವಷ್ಟರಲ್ಲಿ ಹೋಗಿದ್ದರು. ಕೂತೇ ಹೋದರು. ಬೀದಿಯ ಹಿರಿಯರು ಬಂದು ಹಾಗೇ ಗೋಡೆಗೆ ಒರಗಿಸೋಣ ಎಂದರು. ಅತ್ತೆ ಚನ್ನಮಲ್ಲಮ್ಮನೂ ಅದನ್ನೇ ಹೇಳಿದರು. ಆದರೆ ಪ್ರಭುವಿನ ಅಕ್ಕನ ಗಂಡ ಕಲಬುರಗಿಯಲ್ಲಿ ಬ್ಯಾಂಕ್ ಮ್ಯಾನೇಜರು. ಅವರು ಫೋನಿನಲ್ಲೇ ವಿಧಿ ವಿಧಾನ ನಿರ್ಧರಿಸಿದರು. ತಾನು ಬರುವುದು ಮರುದಿನ, ಅಲ್ಲಿಯವರೆಗೆ ಗೋಡೆಗೆ ಕಟ್ಟಿ ಇಡುವುದೇನು, ಈ ಕಾಲದಲ್ಲಿ ಎಲ್ಲರೂ ಪೆಟ್ಟಿಗೆ ತರಿಸುತ್ತಾರೆ, ನಾವೇನು ಅಷ್ಟು ಗತಿ ಇಲ್ಲದವರಾ ಎಂದರು. ಮ್ಯಾನೇಜರ ಮಾತಿಗೆ ನಮ್ಮ ಮನೆಯಲ್ಲಿ ಎದುರು ಮಾತಿಲ್ಲ. ಪೆಟ್ಟಿಗೆ ಬಂತು. ಕೂತವರನ್ನು ಎತ್ತಿ ಮಲಗಿಸಿದರು. ಮರುದಿನ ಮ್ಯಾನೇಜರು ಬಂದರು, ಗಾಜಿನೊಳಗೆ ಇಣುಕಿ ನೋಡಿ, ಮುಖದ ಕಳೆ ಚೆನ್ನಾಗಿ ಉಳಿದಿದೆ ಎಂದರು.

ಹೊರಗೆ ತೆಗೆದಾಗ ಪ್ರಭು ಕೂರಲಿಲ್ಲ. ಬೆಂಚಿನ ಹಾಗೆ ಸೆಟೆದಿದ್ದರು. ವಿಮಾನದಲ್ಲಿ ಅಡ್ಡಡ್ಡ ಒರಗಿಸಿ ಪಂಚೆಯಲ್ಲಿ ಬಿಗಿದು, ರಾತ್ರಿ ಬಸ್ಸಿನಲ್ಲಿ ತೂಕಡಿಸುವವರ ಹಾಗೆ ಕಳಿಸಿದೆವು. ಗುಣಿ ಕೂರುವ ಅಳತೆಗೆ ತೋಡಿತ್ತು. ತೋಡಿದವರು ಮತ್ತೆ ಇಳಿದು ಉದ್ದ ಮಾಡಿದರು. ನಾವು ನಿಂತು ಕಾದೆವು.

ಅಂದಿನಿಂದ ಅತ್ತೆ ನಡುಮನೆಯಲ್ಲಿ ಮಗನನ್ನು ಒರಗಿಸಬೇಕಿದ್ದ ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ ಕೂತೇ. ಯಾಕೆ ಎಂದು ನಾನು ಕೇಳಿಲ್ಲ.

ಆದ್ದರಿಂದ ನಾನು ಈ ಕೆಲಸ ಒಪ್ಪಿಕೊಂಡೆ. ಜಾಲತಾಣದಲ್ಲಿ ನನಗೆ ಒಂದು ಸಾಲು ಬೇಕಿತ್ತು. ಕೂರಿಸಿ ಕಳಿಸುವ ಮನೆಯವರು ಪೆಟ್ಟಿಗೆಗೆ ಮಲಗಿಸಬೇಡಿ, ಮೊದಲು ಕೂರಿಸಿ ಎಂಬ ಸಾಲು. ಉಳಿದದ್ದನ್ನೆಲ್ಲ ಅವರು ಹೇಳಿದ ಹಾಗೆ ಬರೆಯಲು ಸಿದ್ಧಳಿದ್ದೆ.

ಅವರು ಹೇಳಿದ್ದು ಬಹಳವಿತ್ತು. ರುದ್ರಸ್ವಾಮಿಯವರು ಹಣೆ ತುಂಬ ವಿಭೂತಿ, ಜೇಬಿನಲ್ಲಿ ಎರಡು ಫೋನು ಇಟ್ಟುಕೊಂಡು ಅಂಗಡಿಗೆ ಬಂದರು. ಒಂದು ಫೋನು ಮನೆಯದು, ಇನ್ನೊಂದು ಸಾವಿನದು. ಸಾವಿನ ಫೋನು ಬಂದರೆ ಮೊದಲು ಮುಖವನ್ನು ಸಪ್ಪಗೆ ಮಾಡಿಕೊಂಡು ಆಮೇಲೆ ಎತ್ತುತ್ತಿದ್ದರು. ಮಾತು ಮುಗಿದ ಮೇಲೆ ಮುಖ ತಾನಾಗಿಯೇ ಮೊದಲಿನಂತಾಗುತ್ತಿತ್ತು.

ಅವರಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಶಾಖೆ ಇದೆ ಎಂದು ಬರೆಯಬೇಕಿತ್ತು. ಹನೂರಿನ ಶಾಖೆ ಎಂದರೆ ಅವರ ಭಾಮೈದ ಮಾದಸ್ವಾಮಿಯ ಪಂಚರ್ ಅಂಗಡಿ. ಯಳಂದೂರಿನ ಶಾಖೆ ಒಬ್ಬರ ಫೋನ್ ನಂಬರು. 'ನಗುಮೊಗದ ಸೇವೆ' ಎಂಬುದನ್ನು ಅವರು ಬೇರೆಲ್ಲೋ ಓದಿ ಮೆಚ್ಚಿದ್ದರು. ಅದು ಬೇಡ ಎಂದು ಒಪ್ಪಿಸಲು ಒಂದು ಟೀ ಖರ್ಚಾಯಿತು. ಡ್ರೈವಿಂಗ್ ಸ್ಕೂಲಿನ ಹಳೆಯ ಅಚ್ಚಿನಲ್ಲಿ ಮಧು ಅಳಿಸಲು ಮರೆತಿದ್ದ 'ನಿಮ್ಮ ಪಯಣ ಇಲ್ಲಿಂದ ಆರಂಭ' ಎಂಬ ಸಾಲು ಪರದೆಯ ಮೇಲೆ ಕಂಡಿತು. ರುದ್ರಸ್ವಾಮಿಯವರು ಅದನ್ನು ಎರಡು ಸಲ ಓದಿ, ಇದು ಇರಲಿ, ಇದರಲ್ಲಿ ವೇದಾಂತ ಇದೆ ಎಂದರು. ಅದು ಇನ್ನೂ ಇದೆ. ಅದರ ಕೆಳಗಿನ 'ಮೊದಲ ತರಗತಿ ಉಚಿತ' ಎಂಬುದನ್ನು ಮಾತ್ರ ಅಳಿಸಿದೆವು.

ನಾನು ಹೇಳಬೇಕಾದದ್ದನ್ನು ಹೇಳಿದೆ. ಸಾವಿನ ಮನೆಯಲ್ಲಿ ಈ ಪುಟವನ್ನು ಓದುವುದು ಹೆಂಡತಿಯಲ್ಲ, ಮಗನಲ್ಲ. ಗೇಟಿನ ಹೊರಗೆ ಚಪ್ಪಲಿ ಹಾಕಿಕೊಂಡೇ ನಿಂತಿರುವ ಯಾರೋ ಒಬ್ಬರು. ಅವರಿಗೆ ನಿಮ್ಮ ಕಂಪನಿಯ ಇತಿಹಾಸ ಬೇಡ. ನಂಬರು ಬೇಕು, ಎಷ್ಟು ಹೊತ್ತಿಗೆ ಬರುತ್ತೀರಿ ಬೇಕು, ಬಾಗಿಲು ಎಷ್ಟು ಅಗಲ ಇರಬೇಕು, ಕರೆಂಟ್ ಹೋದರೆ ಏನು ಗತಿ ಬೇಕು. ಮಹದೇಶ್ವರ ಬೆಟ್ಟದ ದಾರಿಯ ಊರುಗಳಲ್ಲಿ ಕರೆಂಟ್ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಅಲ್ಲಿ ಎಂಗೂ ತಂಪು ಕಣಮ್ಮ" ಎಂದರು.

ಚಿತ್ರಗಳ ಪುಟಕ್ಕೆ ಪೆಟ್ಟಿಗೆಯ ಚಿತ್ರ ಬೇಕಾಯಿತು. ಖಾಲಿ ಪೆಟ್ಟಿಗೆ ಐಸ್ ಕ್ರೀಮ್ ಅಂಗಡಿಯದರಂತೆ ಕಾಣುತ್ತಿತ್ತು. ಒಳಗೆ ಯಾರಾದರೂ ಇದ್ದರೆ ಅಳತೆ ತಿಳಿಯುತ್ತದೆ ಎಂದು ಮಧು ಹೇಳಿದ. ಹನೂರಿನಿಂದ ಶಾಖಾ ಮುಖ್ಯಸ್ಥ ಮಾದಸ್ವಾಮಿಯನ್ನು ಕರೆಸಿದರು. ಮೂಗಿಗೆ ಹತ್ತಿ ಇಡಕೂಡದು ಎಂಬ ಒಂದೇ ಷರತ್ತಿನ ಮೇಲೆ ಆತ ಮಲಗಿದ. ವೈಶಾಖದ ಸೆಕೆ. ಒಳಗಿನ ತಂಪಿಗೆ ಮಾದಸ್ವಾಮಿ ನಿಜವಾಗಿಯೂ ನಿದ್ದೆ ಹೋದ, ಗೊರಕೆಗೆ ಗಾಜು ಮಂಜಾಯಿತು. ಅಷ್ಟರಲ್ಲಿ ಯಾರೋ ಹೋಗಿ, ಅವನ ಜೊತೆ ಬಂದು ಪೇಟೆ ಬೀದಿಗೆ ಹೋಗಿದ್ದ ಹೆಂಡತಿಗೆ ನಿಮ್ಮ ಯಜಮಾನರನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದು ಹೇಳಿಬಿಟ್ಟಿದ್ದರು. ಆಕೆ ಓಡಿ ಬಂದು ಗಂಡನನ್ನು ಎಬ್ಬಿಸಿ, ರುದ್ರಸ್ವಾಮಿಯವರನ್ನು ಬೈದು, ಮಧುವನ್ನು ಬೈದು, ನನ್ನನ್ನು ನೋಡಿ ಸುಮ್ಮನಾದಳು. ಜನ ನನ್ನನ್ನು ನೋಡಿ ಹೀಗೆ ಸುಮ್ಮನಾಗುತ್ತಾರೆ. ಮೌನ ಬೇಕಾದ ಕಡೆ ನನ್ನನ್ನು ಬಾಡಿಗೆಗೆ ಕೊಡಬಹುದು.

ಬರೆದದ್ದನ್ನೆಲ್ಲ ರುದ್ರಸ್ವಾಮಿಯವರಿಗೆ ಓದಿ ಹೇಳಿದೆ. ತಲೆಯಾಡಿಸುತ್ತ ಕೇಳಿದರು. ಸೇವೆಗಳ ಪುಟದ ಕೊನೆಗೆ ಬಂದೆ. 'ಕೂರಿಸಿ ಮಣ್ಣು ಮಾಡುವ ಪದ್ಧತಿ ಇರುವವರು ಪೆಟ್ಟಿಗೆಗೆ ಮಲಗಿಸುವ ಮೊದಲು ಯೋಚಿಸಿ. ಸೆಟೆದ ದೇಹ ಮತ್ತೆ ಕೂರುವುದಿಲ್ಲ. ಮೊದಲು ಕೂರಿಸಿ, ಸುತ್ತ ಐಸ್ ಇಡಿ.' ತಲೆ ಆಡುವುದು ನಿಂತಿತು.

"ರೂಪಮ್ಮ, ನಮ್ಮ ಸಾಮಾನು ತಕಬ್ಯಾಡಿ ಅಂತ ಯಾರಾದ್ರೂ ಬೋರ್ಡಲ್ಲಿ ಬರ್ಸ್ತಾರಾ? ಅರ್ಧಕ್ಕರ್ಧ ಗಿರಾಕಿ ನಮ್ಮೋರೇ ಕಣಮ್ಮ."

"ತಗೋಬೇಡಿ ಅಂತ ಬರೆದಿಲ್ಲ ಅಣ್ಣ. ಮೊದಲು ಕೂರಿಸಿ ಅಂತ ಬರೆದಿದ್ದೀನಿ."

"ಕೂರ್ಸುದ್ಮ್ಯಾಲೆ ಪೆಟ್ಗೆ ಯಾಕ್ ಬೇಕು?"

"ಅದನ್ನೇ ಬರೆದಿದ್ದೀನಿ."

ಅವರು ಮಧುವಿನ ಕಡೆ ನೋಡಿದರು. ಮಧು ಜೆರಾಕ್ಸ್ ಯಂತ್ರದ ಬಾಗಿಲು ತೆಗೆದು ಏನೋ ಹುಡುಕುತ್ತಿದ್ದ.

ರುದ್ರಸ್ವಾಮಿಯವರು ಕೆಟ್ಟವರಲ್ಲ. ಪೆಟ್ಟಿಗೆಯಲ್ಲಿ ಮಲಗಿದವರು ಕೂರುವುದಿಲ್ಲ ಎಂಬುದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಕೇಳಿದವರಿಗೆ ಹೇಳುತ್ತೇನೆ ಎಂದರು. ಯಾರೂ ಕೇಳುವುದಿಲ್ಲವಂತೆ. ಪಕ್ಕದ ಮನೆಗೆ ಪೆಟ್ಟಿಗೆ ಬಂದಿದ್ದರೆ ಇವರಿಗೂ ಬೇಕು. ಪೆಟ್ಟಿಗೆ ತರಿಸದಿದ್ದರೆ ಅಪ್ಪನಿಗೆ ಕೊನೆಯಲ್ಲಿ ಏನೂ ಮಾಡಲಿಲ್ಲ ಅನ್ನುತ್ತಾರೆ. ಜನ ಆಸೆಪಟ್ಟು ಕೇಳುವಾಗ ಬೇಡ ಅನ್ನೋಕೆ ನಾನ್ಯಾರು ಎಂದು ತಮ್ಮ ಧರ್ಮವನ್ನು ವಿವರಿಸಿದರು. ಆಮೇಲೆ ಸಾಲನ್ನು ಸಣ್ಣ ಅಕ್ಷರದಲ್ಲಿ, ಎಲ್ಲಕ್ಕೂ ಕೆಳಗೆ ಹಾಕಬಹುದಾ ನೋಡೋಣ ಎಂದರು. ಮರುದಿನ ಅದೂ ಬೇಡ ಎಂದು ಮಧುವಿಗೆ ಫೋನ್ ಮಾಡಿದರು. ಮಧು ಅಳಿಸಿದ. ನಾನು ಹೋಗಿ ಮತ್ತೆ ಹಾಕಿದೆ. ಅವರು ಮತ್ತೆ ಅಳಿಸಿಸಿದರು. ಹೀಗೆ ಒಂದು ವಾರ ನಾವಿಬ್ಬರೂ ಅದೇ ಸಾಲನ್ನು ಕೂರಿಸುವುದು, ಮಲಗಿಸುವುದು ಮಾಡಿದೆವು.

ಕೊನೆಗೆ ಅವರು ನಮ್ಮ ಮನೆಗೇ ಬಂದರು. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ರುದ್ರಸ್ವಾಮಿಯವರು ಅವರ ಎದುರಿಗೆ ಕೂರದೆ ಬಾಗಿಲ ಬಳಿಯ ಕುರ್ಚಿ ಹಿಡಿದರು. ಗಿರಾಕಿಗಳ ಅನಿಸಿಕೆಯ ಪುಟ ಖಾಲಿ ಇದೆ, ನಾಲ್ಕೈದು ಕಡೆ ಕೇಳಿದೆ, ಯಾರೂ ಹೆಸರು ಹಾಕಲು ಒಪ್ಪುತ್ತಿಲ್ಲ ಎಂದರು.

"ನೀವು ಓದಿರೋರು. ನಿಮ್ಮೆಸ್ರಲ್ಲಿ ಒಂದು ಅನಿಸ್ಕೆ ಕೊಡಿ. ಎಂ.ಎ. ಅಂತಾನೂ ಆಕ್ಬುಡಿ. ಆವಾಗ ನಿಮ್ಮ ಆ ಸಾಲು ಎಲ್ಲಾದ್ರೂ ಒಂದ್ಕಡೆ ಇರ್ಲಿ, ನಾ ಕೇಳಕಿಲ್ಲ."

ಅತ್ತೆ ನನ್ನನ್ನು ನೋಡಿದರು. ನಾನು ಆಗಲಿ ಎಂದೆ.

ಅನಿಸಿಕೆ ಬರೆಯುವುದು ಕಷ್ಟವಾಗಲಿಲ್ಲ. ಸುಳ್ಳು ಒಂದೂ ಬೇಕಾಗಲಿಲ್ಲ. ಅವರ ಫೋನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಕೈಮುಗಿದ ಚಿತ್ರ ಬಂತು, ಅದರ ಹಿಂದೆ ಐದು ನಕ್ಷತ್ರ. ಫೋನಿನಲ್ಲಿ ಕೆಳಗಿನದನ್ನು ಓದಬೇಕಾದರೆ 'ಇನ್ನಷ್ಟು' ಎಂಬುದನ್ನು ಒತ್ತಬೇಕು. ತಮ್ಮ ಹೆಸರು ಮೊದಲ ಸಾಲುಗಳಲ್ಲೇ ಸಿಕ್ಕಿದ್ದರಿಂದ ಅವರು ಒತ್ತಿರಲಿಲ್ಲ. ಮಧು ಏನನ್ನೂ ಓದುವವನಲ್ಲ, ಅಂಟಿಸುವವನು. ಮೊದಲ ಪುಟದಲ್ಲೇ ಅಂಟಿಸಿದ.

ಉದ್ಘಾಟನೆ ಶಾಮಿಯಾನದ ಗೋಡೌನಿನಲ್ಲಿ. ಮದುವೆಯದೇ ಕುರ್ಚಿ, ಮದುವೆಯದೇ ಮೈಕು. ದೊಡ್ಡ ಟಿವಿಯ ಮೇಲೆ ವಿಭೂತಿ ಬಳಿದು, ಮೌಸಿನ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಅದು ಉರುಳಿ ಪರದೆಯಲ್ಲಿ ಬಾಣದ ಗುರುತು ಎಲ್ಲೆಲ್ಲೋ ಓಡುತ್ತಿತ್ತು. ಮುಂದಿನ ಸಾಲಿನಲ್ಲಿ ಸಮಾಜದ ಹಿರಿಯರು ಕೂತಿದ್ದರು. ರುದ್ರಸ್ವಾಮಿಯವರು ಅವರನ್ನೇ ಆರಿಸಿ ಕರೆದಿದ್ದರು, ವ್ಯಾಪಾರದ ದೃಷ್ಟಿಯಿಂದ ಅದು ಸರಿ. ಅತ್ತೆಯೂ ಬಂದರು. ಎಷ್ಟೋ ತಿಂಗಳ ಮೇಲೆ ಆ ಗೋಡೆ ಬಿಟ್ಟು ಎದ್ದಿದ್ದರು.

ಮುಖ್ಯ ಅತಿಥಿ ಸದಾಶಿವಪ್ಪನವರು, ನಿವೃತ್ತ ಹೆಡ್ ಮಾಸ್ಟರು. ಗುಂಡಿ ಒತ್ತಿ ಉದ್ಘಾಟಿಸಿದರು. ಚಪ್ಪಾಳೆಯಾಯಿತು. ಮೇಷ್ಟ್ರ ಕಂಠದಲ್ಲಿ ನಾಲ್ಕು ಸಾಲು ಕೇಳಬೇಕು ಎಂದು ರುದ್ರಸ್ವಾಮಿಯವರೇ ಮೈಕು ಕೊಟ್ಟು, ನಮ್ಮೂರ ಹೆಣ್ಣುಮಗಳು, ಎಂ.ಎ. ಓದಿರೋರು, ಅವರ ಮಾತು ಓದಿ ಎಂದು ತೋರಿಸಿದರು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಸ್ವಾತಂತ್ರ್ಯ ದಿನದ ಭಾಷಣದ ರಾಗದಲ್ಲಿ ಶುರುಮಾಡಿದರು.

'ನನ್ನ ಪತಿ ಪ್ರಭುಸ್ವಾಮಿ ತೀರಿಕೊಂಡಾಗ ಶಿವೈಕ್ಯ ಸರ್ವೀಸಸ್‌ಗೆ ಫೋನ್ ಮಾಡಿದೆವು. ಹೇಳಿದ ಹೊತ್ತಿಗೆ ಬಂದರು. ಪೆಟ್ಟಿಗೆ ಶುಭ್ರವಾಗಿತ್ತು. ರುದ್ರಸ್ವಾಮಿಯವರೇ ನಿಂತು ಎಲ್ಲವನ್ನೂ ನೋಡಿಕೊಂಡರು. ಪೆಟ್ಟಿಗೆ ತನ್ನ ಕೆಲಸವನ್ನು ಬಹಳ ಚೆನ್ನಾಗಿ ಮಾಡಿತು. ಎಷ್ಟು ಚೆನ್ನಾಗಿ ಎಂದರೆ, ಕುರ್ಚಿಯಲ್ಲಿ ಕೂತೇ ಪ್ರಾಣ ಬಿಟ್ಟ ನನ್ನ ಪತಿ ಮರುದಿನ ಕೂರಲಿಲ್ಲ. ಬಿಸಿನೀರು ಸುರಿದರೂ ಕೂರಲಿಲ್ಲ. ಒಂದು ಮಂಡಿಯನ್ನು ನಮ್ಮವರು, ಇನ್ನೊಂದನ್ನು ರುದ್ರಸ್ವಾಮಿಯವರು ಹಿಡಿದು ಒತ್ತಿದರು. ಮಂಡಿಯ ಸದ್ದು ಅಡುಗೆಮನೆಗೆ ಕೇಳಿಸಿತು. ಸೇವೆಯಲ್ಲಿ ಯಾವ ಕೊರತೆಯೂ ಇಲ್ಲ. ಕೂರಿಸಿ ಕಳಿಸುವ ಮನೆಯವರು ಪೆಟ್ಟಿಗೆಗೆ ಮಲಗಿಸುವ ಮೊದಲು ಯೋಚಿಸಿ.'

ಅರ್ಧಕ್ಕೆ ಬರುವಷ್ಟರಲ್ಲಿ ಮೇಷ್ಟ್ರಿಗೆ ಅರ್ಥವಾಗಿತ್ತು. ಆದರೆ ಆರಂಭಿಸಿದ ಪಾಠವನ್ನು ನಡುವೆ ಬಿಟ್ಟ ಅಭ್ಯಾಸ ಅವರಿಗಿರಲಿಲ್ಲ. ರಾಗ ಮಾತ್ರ ನಿಂತುಹೋಗಿ, ಕೊನೆಯ ಸಾಲುಗಳನ್ನು ಮನೆಯಲ್ಲಿ ಮಾತಾಡುವ ದನಿಯಲ್ಲಿ ಓದಿ ಮುಗಿಸಿದರು. ಮುಂದಿನ ಸಾಲಿನ ಹಿರಿಯರು ಒಬ್ಬೊಬ್ಬರಾಗಿ ತಮ್ಮ ಮಂಡಿ ಮುಟ್ಟಿ ನೋಡಿಕೊಂಡರು.

ಯಳಂದೂರಿನಿಂದ ಬಂದಿದ್ದ ಪುಟ್ಟಬಸಮ್ಮ ಎಂಬ ಮುದುಕಿ ಕೂತಲ್ಲಿಂದಲೇ ಮಾತಾಡಿದರು. ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯಲಿಲ್ಲ.

"ನಮ್ಮ ಯಜಮಾನ್ರೂ ಇಂಗೇ ಓದ್ರು. ಕತ್ತು ವಾಲ್ಸ್ಕಂಡು. ಮಕ್ಳು ಯಾರ್ಗೂ ಯೋಳ್ಬ್ಯಾಡ ಅಂದ್ರು, ನಾನು ಯೋಳ್ನಿಲ್ಲ."

ಹಿಂದಿನ ಸಾಲಿನಿಂದ ಇನ್ನೊಬ್ಬರು ತಮ್ಮ ಮಾವನದೂ ಹಾಗೇ ಆಯಿತು ಎಂದರು. ಆಮೇಲೆ ಇನ್ನೊಬ್ಬರು. ಎಲ್ಲ ಮನೆಯಲ್ಲೂ ಬಾಗಿಲು ಹಾಕಿಕೊಂಡು ಮಂಡಿ ಒತ್ತಿದ್ದರು. ಎಲ್ಲರೂ ತಮ್ಮ ಮನೆಯವರು ಮಾತ್ರ ಕೂರಲಿಲ್ಲ ಎಂದುಕೊಂಡಿದ್ದರು, ಯಾವ ಪಾಪಕ್ಕೋ ಎಂದು. ಅತ್ತೆ ತಿರುಗಿ ತಿರುಗಿ ಮಾತಾಡಿದವರ ಮುಖ ನೋಡುತ್ತಿದ್ದರು.

ಸದಾಶಿವಪ್ಪನವರು ಮೈಕು ಕೆಳಗಿಡಲು ಮರೆತಿದ್ದರು. ಅವರು ಕೇಳಿದ್ದು ಗೋಡೌನಿಗೆಲ್ಲ ಕೇಳಿಸಿತು.

"ರುದ್ರಸ್ವಾಮಿ, ನನ್ನ ಏನ್ಮಾಡ್ಬೇಕು ಅಂತಿದ್ದೀಯಪ್ಪ ನೀನು?"

ರುದ್ರಸ್ವಾಮಿಯವರ ಮುಖ ಸಪ್ಪಗಾಯಿತು. ಅದು ಸಾವಿನ ಫೋನಿನ ಮುಖವಲ್ಲ, ಬೇರೆ. ಆದರೆ ಸ್ವಲ್ಪ ಹೊತ್ತು ಮಾತ್ರ. ಎದುರಿಗೆ ಕೂತವರನ್ನು ಒಮ್ಮೆ ನೋಡಿದರು. ಹಿರಿಯರು ಬಹಳ ಜನ ಇದ್ದರು, ಬಹಳ ವಯಸ್ಸಾದವರು. ಅವರು ಮೈಕು ತೆಗೆದುಕೊಂಡರು.

"ಇದ್ನ ನಾನೇ ಯೋಳಿ ಬರ್ಸುದ್ದು ಮೇಷ್ಟ್ರೇ. ಜನುಕ್ಕೆ ತಿಳೀಲಿ ಅಂತ."

ನಮ್ಮ ಪದ್ಧತಿಯವರಿಗೆ ಇನ್ನು ಪೆಟ್ಟಿಗೆ ಇಲ್ಲ, ಕೂರಿಸುವ ಮಣೆ, ಒರಗುವ ಹಲಗೆ, ಸುತ್ತ ಐಸ್, ಎಲ್ಲ ನಮ್ಮಿಂದಲೇ ಎಂದು ಅಲ್ಲೇ ಘೋಷಿಸಿದರು. ಆ ಮಣೆಯನ್ನು ಯಾರೂ ಇನ್ನೂ ಮಾಡಿರಲಿಲ್ಲ. ಚಪ್ಪಾಳೆ ಉದ್ಘಾಟನೆಯದಕ್ಕಿಂತ ಜೋರಾಗಿತ್ತು. ಆಮೇಲೆ ಪಾಯಸ ಬಡಿಸಿದರು. ಹಿರಿಯರು ಚಕ್ಕಳಮಕ್ಕಳ ಹಾಕಿ ಕೆಳಗೇ ಕೂತು ಉಂಡರು. ಕುರ್ಚಿಗಳಿದ್ದವು, ಯಾರೂ ಮುಟ್ಟಲಿಲ್ಲ.

ಮರುದಿನ ಮಧು ಜಾಲತಾಣ ತೋರಿಸಿದ. ನನ್ನ ಅನಿಸಿಕೆ ಇರಲಿಲ್ಲ. ಉದ್ದ ಆಯಿತು ಎಂದು ರುದ್ರಸ್ವಾಮಿಯವರು ತೆಗೆಸಿದ್ದರು. ನನ್ನ ಸಾಲು ಮಾತ್ರ ಮೊದಲ ಪುಟದ ತಲೆಯ ಮೇಲೆ, ಕೆಂಪು ಅಕ್ಷರದಲ್ಲಿ, ಅವರ ಕೈಮುಗಿದ ಚಿತ್ರದ ಪಕ್ಕದಲ್ಲಿತ್ತು. ಮೇಲೆ 'ನಮ್ಮ ಅನುಭವದ ಮಾತು' ಎಂದಿತ್ತು. ಅಡಿಯಲ್ಲಿ 'ನಿಮ್ಮ ಪಯಣ ಇಲ್ಲಿಂದ ಆರಂಭ'.

ಮನೆಗೆ ಬಂದು ಅತ್ತೆಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಎಂದರು. ಓದಿದೆ.

"ಪ್ರಭುನ ಎಸ್ರು ಅದಾ ಅದ್ರಲ್ಲಿ?"

ಇಲ್ಲ ಎಂದೆ. ಒಳ್ಳೆಯದಾಯಿತು ಎನ್ನುವ ಹಾಗೆ ತಲೆಯಾಡಿಸಿದರು.

ಸಂಜೆ ಕಲಬುರಗಿಯಿಂದ ಮ್ಯಾನೇಜರ ಫೋನು ಬಂತು. ಯಾರೋ ಜಾಲತಾಣವನ್ನು ಅವರಿಗೂ ಕಳಿಸಿದ್ದರು. ಬಹಳ ಒಳ್ಳೆಯ ಕೆಲಸ, ನಮ್ಮ ಜನರಿಗೆ ಇಂಥ ತಿಳಿವಳಿಕೆ ಬೇಕಿತ್ತು, ಪದ್ಧತಿ ಬಿಡಬಾರದು ಎಂದು ನಾನು ಮೊದಲಿನಿಂದಲೂ ಹೇಳುವವನೇ ಎಂದರು. ಅವರ ದನಿ ನಡುಮನೆಗೆಲ್ಲ ಕೇಳುತ್ತಿತ್ತು. ಅತ್ತೆ ಕೈ ಚಾಚಿದರು. ಅಳಿಯನೊಡನೆ ಅವರು ಯಾವಾಗಲೂ ಸೆರಗು ಬಾಯಿಗೆ ಇಟ್ಟುಕೊಂಡೇ ಮಾತಾಡುವುದು. ಈಗ ಸೆರಗು ಮುಟ್ಟಲಿಲ್ಲ.

"ಅಳೀಮಯ್ಯ, ನೀವು ನೂರೊರ್ಸ ಬದ್ಕಿ. ನಿಮ್ಮ ಮಂಡಿ ಮಾತ್ರ ಮೊದ್ಲೇ ಮಡುಸ್ಬುಡಿ ಅಂತ ಎಲ್ಲಾರ್ಗೂ ಯೋಳ್ಬುಟ್ಟೇ ನಾನು ಓಯ್ತೀನಿ."

ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟು, ಚಾಪೆ ಬಿಡಿಸಿಕೊಂಡು, ಗೋಡೆಯಿಂದ ದೂರ ಮಲಗಿದರು.